ಹರಿಗೋಲಿನಲ್ಲಿ ಎದ್ದು ನಿಂತವರು

“ಮೇಷ್ಟ್ರೇ, ಒಂದು ಇಂಗ್ಲಿಷ್ ಪದದ ಅರ್ಥವನ್ನು ಕಲಿಯುವವರ ತಲೆಗೆ ಹೋಗುವಂತೆ ಹೇಳುವುದು ಹೇಗೆ?” ಎಂದು ವಾರಿಜಾ ಕೇಳಿದಳು.

ತಿರುಕಪ್ಪ ಮೇಷ್ಟ್ರು ಚಹಾ ಅಂಗಡಿಯ ಬೆಂಚಿನ ಮೇಲೆ ಲೋಟ ಇಟ್ಟರು. “ಸರಿಯಾದವನನ್ನೇ ಕೇಳಿದೆ. ಇಂಗ್ಲಿಷ್ ನಿಘಂಟು ಬರೆದವನೇ ನಾನು.”

ವಾರಿಜಾ ಬೆರಗಿನಿಂದ ಮೇಷ್ಟ್ರ ಮುಖ ನೋಡಿದಳು.

“ಸುಳ್ಳು,” ಎಂದರು ಮೇಷ್ಟ್ರು. “ಶಾಲೆಯ ನಿಘಂಟಿಗೆ ಬ್ರೌನ್ ಪೇಪರ್ ಹಾಕಿದವನು ನಾನು. ಅದೂ ಒಂದು ವಾರದಲ್ಲಿ ಕಿತ್ತು ಬಂತು. ಇರಲಿ, ನಿನ್ನ ಕಷ್ಟ ಹೇಳು.”

ವಾರಿಜಾಳಿಗೆ ಇಂಗ್ಲಿಷ್ ಹೇಳಿಕೊಟ್ಟವರು ಇವರೇ. ಈಗ ಅವಳು ಊರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಹೊತ್ತು ಹೆಂಗಸರಿಗೆ ಕಲಿಸುತ್ತಿದ್ದಳು. ಮೊದಲ ವಾರ ಹದಿನಾಲ್ಕು ಜನ ಬಂದಿದ್ದರು. ನಿನ್ನೆ ಬಂದವರು ಮೂವರು. ನಾಳೆ ಆ ಮೂವರೂ ಬಾರದಿದ್ದರೆ ಕೋಣೆ ಕೇರಂ ಆಡುವವರ ಪಾಲು. ಅವರು ಆಗಲೇ ಬೋರ್ಡು ತಂದು ಬಾಗಿಲ ಹಿಂದೆ ಒರಗಿಸಿಟ್ಟಿದ್ದರು.

“ಪದ, ಉಚ್ಚಾರ, ಅರ್ಥ ಅಂತ ಮೂರು ಕಾಲಂ ಹಾಕಿಸಿ ಬರೆಸುತ್ತೇನೆ. ಪ್ಲೀಸ್ ಅಂದರೆ ದಯವಿಟ್ಟು ಅಂತ ನಿನ್ನೆ ಹತ್ತು ಸಲ ಹೇಳಿಸಿದೆ. ಹೂ ಮಾರುವ ನೀಲಮ್ಮ ಏನಂದಳು ಗೊತ್ತೇ? ‘ಅಕ್ಕಾ, ದಯವಿಟ್ಟು ಅಂತ ನಮ್ಮ ಮನೇಲಿ ಯಾರೂ ಯಾರಿಗೂ ಅಂದಿಲ್ಲ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ದಯವಿಟ್ಟು ಉಗುಳಬೇಡಿ ಅಂತ ಬರೆದಿರ್ತಾರಲ್ಲ, ಅಲ್ಲಿ ಮಾತ್ರ ನೋಡೀನಿ’ ಅಂದಳು. ಉಳಿದಿಬ್ಬರೂ ಬಿದ್ದು ಬಿದ್ದು ನಕ್ಕರು.”

“ನೀನೇನು ಮಾಡಿದೆ?”

“ಇನ್ನೂ ಹತ್ತು ಸಲ ಹೇಳಿಸಿದೆ.”

ಮೇಷ್ಟ್ರು ತಲೆಯಾಡಿಸಿ ಕತೆ ಶುರು ಮಾಡಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ಆಚೆ ದಡಕ್ಕೆ ಬಿಡುವುದು ಅವನ ಕೆಲಸ. ಪರದೇಶದವರು ಬರತೊಡಗಿದಾಗ ಅವನು ಇಂಗ್ಲಿಷ್ ಕಲಿಯಲು ಒಬ್ಬ ಪಂಡಿತನ ಬಳಿ ಹೋದ. ಪಂಡಿತನ ಪಾಠಕ್ಕೆ ಒಂದೇ ಕ್ರಮ. ಪದವನ್ನೂ ಅರ್ಥವನ್ನೂ ಸೇರಿಸಿ ಅವನು ಹೇಳಬೇಕು, ಶಿಷ್ಯರು ಅದನ್ನು ರಾಗವಾಗಿ ಮೂರು ಸಲ ಹೇಳಬೇಕು. ಕೊನೆಗೆ ‘ಅರ್ಥವಾಯಿತೇ?’ ಎಂದು ಅವನು ಕೇಳುವುದು, ‘ಆಯಿತು ಗುರುಗಳೇ’ ಎಂದು ಇವರು ಕೂಗುವುದು. ಆರು ತಿಂಗಳಲ್ಲಿ ಅಂಬಿಗನಿಗೆ ಮುನ್ನೂರು ಪದ ಬಾಯಿಪಾಠವಾದವು. ಪಂಡಿತ ಬೆನ್ನು ತಟ್ಟಿ ಕಳಿಸಿದ. ಅಂಬಿಗನ ಹೆಂಡತಿಗೆ ಮಾತ್ರ ಒಂದು ಪದವೂ ಬರುತ್ತಿರಲಿಲ್ಲ.

ಒಂದು ದಿನ ನಾಲ್ವರು ಪರದೇಶದವರು ಹರಿಗೋಲು ಹತ್ತಿದರು. ಆಚೆ ದಡದಲ್ಲಿ ಹುಲ್ಲು ಕೊಯ್ಯಲು ಹೆಂಡತಿಯೂ ಹತ್ತಿದಳು. ನಡುಹೊಳೆಯಲ್ಲಿ ಒಂದು ಸುಳಿ ಇತ್ತು. ಅದರ ಅಂಚಿನಲ್ಲಿ ಸಾಗುವಾಗ ಎಲ್ಲರೂ ಅಲುಗದೆ ಕೂತಿರಬೇಕು. ಸರಿಯಾಗಿ ಅಲ್ಲಿಗೆ ಬಂದಾಗ ಬಂಡೆಯ ಮೇಲೊಂದು ಮೊಸಳೆ ಕಂಡಿತು. ನಾಲ್ವರೂ ಫೋಟೋ ತೆಗೆಯಲು ಎದ್ದು ನಿಂತರು. ಹರಿಗೋಲು ವಾಲಿತು. ನೀರು ಒಳಗೆ ನುಗ್ಗಿತು.

ಅಂಬಿಗ ಹುಟ್ಟನ್ನು ಬಿಗಿಯಾಗಿ ಹಿಡಿದು ಕೂಗಿದ. “ಸಿಟ್ ಎಂದರೆ ಕುಳಿತುಕೊಳ್ಳುವುದು! ಸಿಟ್ ಎಂದರೆ ಕುಳಿತುಕೊಳ್ಳುವುದು!” ಕಲಿತದ್ದು ಹಾಗೆ, ಬಾಯಿಗೆ ಬಂದದ್ದೂ ಹಾಗೆಯೇ. ಅಷ್ಟು ಗಾಬರಿಯಲ್ಲೂ ರಾಗ ತಪ್ಪಲಿಲ್ಲ. ಅಂಬಿಗರ ಹಾಡೆಂದು ತಿಳಿದು ಒಬ್ಬ ತಾಳ ಹಾಕಿದ. ಇನ್ನೊಬ್ಬಳು ಮೊಸಳೆಯನ್ನು ಬಿಟ್ಟು ಇವನ ಫೋಟೋ ತೆಗೆದಳು.

“ಆ ಹರಿಗೋಲಿನಲ್ಲಿ ನಾನೂ ಇದ್ದೆ,” ಎಂದರು ಮೇಷ್ಟ್ರು.

“ನೀವೇ?”

“ಇಲ್ಲ. ನನಗೆ ಬಕೆಟ್ಟಿನ ನೀರು ಕಂಡರೂ ಭಯ. ಮುಂದೆ ಕೇಳು.”

ಹೆಂಡತಿ ಕುಡುಗೋಲು ಬದಿಗಿಟ್ಟಳು. ಪಕ್ಕದಲ್ಲಿ ನಿಂತವಳ ಅಂಗಿಯ ಚುಂಗು ಹಿಡಿದು ಕೆಳಕ್ಕೆ ಜಗ್ಗಿದಳು. ಹರಿಗೋಲಿನ ತಳವನ್ನು ಅಂಗೈಯಿಂದ ಪಟಪಟನೆ ಬಡಿದಳು. ಗಂಡನ ಹಾಡಿನಿಂದ ಮೊದಲ ಪದವನ್ನಷ್ಟೇ ಕಿತ್ತುಕೊಂಡು “ಸಿಟ್!” ಎಂದಳು. ನಾಲ್ವರೂ ದೊಪ್ಪನೆ ಕೂತರು.

ದಡ ಸೇರಿದ ಮೇಲೆ ಅಂಬಿಗ ಕೇಳಿದ, “ಏನೇ, ಆ ಪದದ ಅರ್ಥ ನಿನಗೆ ಯಾರು ಹೇಳಿಕೊಟ್ಟರು?”

“ಅರ್ಥ ಯಾರಿಗೆ ಬೇಕಿತ್ತು? ನನಗೆ ಅವರು ಕೂರಬೇಕಿತ್ತು,” ಎಂದು ಅವಳು ಹುಲ್ಲು ಕೊಯ್ಯಲು ಹೋದಳು.

ಮೇಷ್ಟ್ರು ಕತೆ ನಿಲ್ಲಿಸಿದರು. ವಾರಿಜಾ ನಗುತ್ತಿದ್ದಳು. ನಗು ಮುಗಿದ ಮೇಲೆ ಮತ್ತೆ ಕೇರಂ ಬೋರ್ಡು ನೆನಪಾಯಿತು. “ಕತೆ ಸರಿ ಮೇಷ್ಟ್ರೇ. ನಾಳೆ ಆ ಮೂವರಿಗೆ ಪ್ಲೀಸ್ ಅನ್ನುವುದನ್ನು ಹೇಗೆ ಹೇಳಲಿ? ಬಡಿದು ತೋರಿಸಲು ನನ್ನ ಹತ್ತಿರ ಹರಿಗೋಲಿಲ್ಲವಲ್ಲ.”

ಮೇಷ್ಟ್ರು ಅಂಗಿಯ ಜೇಬು ತಟ್ಟಿ ನೋಡಿಕೊಂಡರು. ಪ್ಯಾಂಟಿನ ಜೇಬನ್ನೂ ತಟ್ಟಿಕೊಂಡರು. ಖಾಲಿ ಲೋಟವನ್ನು ಮೆಲ್ಲಗೆ ಅವಳ ಕಡೆ ಸರಿಸಿದರು. ಚಹಾ ಅಂಗಡಿಯವನನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿ, ಬಡಪಾಯಿ ಮುಖ ಮಾಡಿ, “ಪ್ಲೀಸ್,” ಎಂದರು.

ವಾರಿಜಾ ಚೀಲದಿಂದ ಇಪ್ಪತ್ತರ ನೋಟು ತೆಗೆದು ಅಂಗಡಿಯವನತ್ತ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಅವಳು ತಿರುಗಿ ಮೇಷ್ಟ್ರನ್ನು ನೋಡಿದಳು.

“ಈಗ ಹೇಳು, ದಯವಿಟ್ಟು ಅಂತ ಮೂರನೇ ಕಾಲಮಿನಲ್ಲಿ ಬರೆದುಕೊಂಡು ಆಮೇಲೆ ನೋಟು ತೆಗೆದೆಯಾ?”