ಬಾಯಿ ತೆರೆದು ನಿಂತವರು

ಕೆಂಚಿಗೊಂದು ಅಭ್ಯಾಸವಿತ್ತು. ಯಾರ ಸೊಂಟವನ್ನಾದರೂ ಕಚ್ಚಿ ಹಿಡಿಯುವ ಮೊದಲು ಮುಂಗಾಲಿನಿಂದ ತನ್ನ ಮೀಸೆ ಎರಡನ್ನೂ ಒರೆಸಿಕೊಳ್ಳುತ್ತಿದ್ದಳು. ಎಲ್ಲಿ ಅವರಿಗೆ ಕಚಗುಳಿಯಾಗುತ್ತದೋ ಎಂಬ ಅಳುಕು. ಮೀಸೆಗೆ ಎಣ್ಣೆ ಬೇಕೇನೇ ಎಂದು ಅಕ್ಕತಂಗಿಯರು ರೇಗಿಸುತ್ತಿದ್ದರು. ಕೆಂಚಿಯದು ಮೊದಲಿನಿಂದಲೂ ಮೆಲುದನಿ.

ಕಾಡಿನ ನಡುವೆ, ಹಳ್ಳದ ಮೇಲೆ ಬಾಗಿದ ಒಂದು ಹೊಳೆಮತ್ತಿ ಮರದಲ್ಲಿ ಅವಳ ಬಳಗದ ಮನೆ. ಅವರೆಲ್ಲ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳು. ಎಲೆ ದೂರವಿದ್ದರೆ ಒಬ್ಬಳ ಸೊಂಟವನ್ನು ಇನ್ನೊಬ್ಬಳು, ಅವಳದನ್ನು ಮತ್ತೊಬ್ಬಳು ಕಚ್ಚಿ ಹಿಡಿದು ಸರಪಳಿಯಾಗಿ ಎಳೆಯುತ್ತಿದ್ದರು. ಎಲೆ ಹತ್ತಿರ ಬಂದಮೇಲೆ ಮರಿಹುಳುಗಳ ಬಾಯಿಂದ ಬರುವ ನೂಲಿನಲ್ಲಿ ಹೊಲಿಗೆ. ಅದು ಮುಗಿಯುವ ತನಕ ಯಾರೂ ಹಿಡಿತ ಬಿಡುವಂತಿಲ್ಲ. ಹಸಿವಾದರೂ ಇಲ್ಲ, ಮಾತಾಡಬೇಕೆನಿಸಿದರೂ ಇಲ್ಲ.

ಒಂದು ದಿನ ಪಕ್ಕದ ಸಾಲಿನ ಕೊನೆಯಲ್ಲಿ ದ್ಯಾವಿ ನಿಂತಿದ್ದಳು. ಬಾಯಿ ಅಗಲಕ್ಕೆ ತೆರೆದಿತ್ತು, ಮುಂದಿನವಳ ಸೊಂಟಕ್ಕೆ ಸರಿಯಾಗಿಯೇ ಇತ್ತು. ಆದರೆ ಹಲ್ಲಿಗೂ ಸೊಂಟಕ್ಕೂ ನಡುವೆ ಕೆಂಚಿಗೆ ಬಿಸಿಲು ಕಂಡಿತು.

ಸಂಜೆ ಕೆಂಚಿ ಮೆಲ್ಲಗೆ ಕೇಳಿದಳು. "ದ್ಯಾವಕ್ಕ, ನೀನು ಹಿಡಿದಿರಲಿಲ್ಲ ಅಲ್ವಾ?"

"ಎಲೆ ಬಂತೋ ಇಲ್ಲವೋ?"

"ಬಂತು."

"ಮತ್ತೇನು? ನೂರು ಬಾಯಿ ಹಿಡಿದಿರುವಾಗ ನನ್ನದೊಂದು ಯಾವ ಮೂಲೆಗೆ? ನೀನು ಹೋಗಿ ಮೀಸೆ ಒರೆಸ್ಕೋ ಹೋಗು."

ಹಿರಿಯಳಾದ ಮಾಳಕ್ಕನಿಗೆ ಹೇಳಬೇಕೆಂದು ಕೆಂಚಿ ಹೊರಟಳು. ಅರ್ಧ ದಾರಿಯಲ್ಲಿ ನಿಂತಳು. ಇಷ್ಟು ಸಣ್ಣದಕ್ಕೆ ಚಾಡಿ ಹೇಳಿದ ಹಾಗಾಗುತ್ತದಲ್ಲ ಎನಿಸಿ ಹಿಂದಿರುಗಿದಳು.

ಖಾಲಿ ಬಾಯಿಗೆ ತಿನ್ನಲು ಬಿಡುವು ಹೆಚ್ಚು. ಮರಿಗಳಿಗೆಂದು ತಂದ ಸಿಹಿಹನಿಯನ್ನೆಲ್ಲ ದ್ಯಾವಿ ಹೀರಿದಳು. ಅವಳ ಹೊಟ್ಟೆ ಉಬ್ಬಿ ಮಿರಮಿರ ಮಿರುಗಿತು. ಹೊಸದಾಗಿ ಹುಟ್ಟಿದ ತಂಗಿಯರು ಅವಳನ್ನೇ ನೋಡಿ ಕಲಿತರು. ಹಿಡಿಯುವುದೆಂದರೆ ಬಾಯಿ ತೆರೆದು ನಿಲ್ಲುವುದು ಎಂದೇ ಅವರು ತಿಳಿದರು. ಸಿಹಿಹನಿ ಹೀರಿ ಅವರ ಹೊಟ್ಟೆಯೂ ಮಿರುಗತೊಡಗಿತು. ಕೆಂಚಿ ಎದುರಾದರೆ ಅವರು ಗುರುತಿಗೆಂದು ಮೀಸೆ ತಾಗಿಸುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಮೈಯ ವಾಸನೆ ಮಾತ್ರ ಮನೆಯದೇ. ಹಾಗಾಗಿ ಕಾವಲಿನವರು ಯಾರೂ ತಡೆಯಲಿಲ್ಲ.

ಮರಿಗಳು ಸೊರಗಿದವು. ನೂಲು ತೆಳ್ಳಗಾಯಿತು. ಗೂಡಿನಲ್ಲಿ ಜಾಗ ಸಾಲದಾದಾಗ ಹೊಟ್ಟೆ ಮಿರುಗುವವರಲ್ಲಿ ಹಲವರು ಒಬ್ಬೊಬ್ಬರಾಗಿ ತೊಗಟೆಯ ಬಿರುಕು ಹಿಡಿದು ಎಲ್ಲಿಗೋ ಹೊರಟರು. ಸದ್ದಿಲ್ಲ, ಹೋಗಿಬರುತ್ತೇನೆಂಬ ಮಾತಿಲ್ಲ. ಯಾರನ್ನೂ ಹಿಡಿಯದವರನ್ನು ಯಾರು ತಾನೆ ಹಿಡಿದಿಟ್ಟಾರು? ಅಷ್ಟಾದರೂ ಪೀಡೆ ತೊಲಗಿತು ಎಂದುಕೊಂಡಳು ಕೆಂಚಿ.

ಒಂದು ಮಧ್ಯಾಹ್ನ ಗಾಳಿ ಎದ್ದಿತು. ಗೂಡಿನ ಹೊಲಿಗೆ ಬಿಚ್ಚಿಕೊಂಡಿತು. ಒಳಗೆ ಮರಿಗಳು, ಕೆಳಗೆ ಹಳ್ಳದ ನೀರು. ಮಾಳಕ್ಕ ಸಾಲು ಕರೆದಳು. ಸಾಲೇನೋ ಉದ್ದವಾಗಿಯೇ ನಿಂತಿತು. ಎಳೆದ ಕೂಡಲೇ ಹತ್ತು ಕಡೆ ತುಂಡಾಯಿತು. ಎಲೆಯ ತುದಿಯಲ್ಲಿದ್ದ ದ್ಯಾವಿ ಜಾರತೊಡಗಿದಳು. ಅವಳ ಹಿಂದೆ ಇದ್ದವಳು ಅವಳೇ ಪಳಗಿಸಿದ ಹುಡುಗಿ.

"ಹಿಡಿಯೇ ತಂಗಿ, ನನ್ನ ಸೊಂಟ ಹಿಡಿ."

ಹುಡುಗಿ ಬಾಯಿ ತೆರೆದಳು. ಸೊಂಟದ ಹತ್ತಿರ ತಂದಳು. ಕಲಿತ ಹಾಗೆಯೇ ನಿಂತಳು. ದ್ಯಾವಿ ನೀರಿಗೆ ಬಿದ್ದು ಕೊಚ್ಚಿಹೋದಳು. ಹುಡುಗಿಯ ಬಾಯಿ ತೆರೆದೇ ಇತ್ತು.

ಗಟ್ಟಿಯಾಗಿ ಹಿಡಿಯಬಲ್ಲವರು ಉಳಿದದ್ದು ಏಳೇ ಜನ. ಅಷ್ಟೇ ಜನರಿಂದ ಎಲೆ ಒಂದುಗೂಡಲಾರದು. ಮೇಲಿನ ಕೊಂಬೆಯಲ್ಲಿರುವ ನಮ್ಮವರದೇ ಇನ್ನೊಂದು ಗೂಡಿನಿಂದ ಒಂದು ಸಾಲು ಕರೆತಾ ಎಂದು ಕೆಂಚಿಗೆ ಹೇಳಿ ಮಾಳಕ್ಕ ಎಲೆಯ ಅಂಚನ್ನು ಕಚ್ಚಿದಳು. ಕೆಂಚಿ ಓಡಿದಳು.

ಮೇಲಿನ ಗೂಡಿನ ಬಾಗಿಲಲ್ಲಿ ಆಗಲೇ ಸಾಲು ಸಿದ್ಧವಾಗಿತ್ತು. ಎಷ್ಟು ಜನ! ಅದೇ ಮನೆಯ ವಾಸನೆ. ಕೆಂಚಿಗೆ ಜೀವ ಬಂದಂತಾಯಿತು. ಇನ್ನೂ ಹತ್ತಿರ ಹೋದಳು. ಒಂದೊಂದು ಹೊಟ್ಟೆಯೂ ಮಿರಮಿರ ಮಿರುಗುತ್ತಿತ್ತು. ತೊಗಟೆಯ ಬಿರುಕು ಹಿಡಿದು ಹೊರಟವರು ಇಲ್ಲಿಗೇ ಬಂದು ನೆಲೆಸಿದ್ದರು. ಕರೆದಳು, ಯಾರೂ ತಿರುಗಲಿಲ್ಲ. ಹುಟ್ಟಿದಾಗಿನಿಂದ ಕೂಗಿ ಗೊತ್ತಿಲ್ಲದವಳು ಆಗ ಗಂಟಲು ಹರಿಯುವಂತೆ ಕೂಗಿದಳು.

"ಅಕ್ಕಾ, ನಮ್ಮ ಮರಿಗಳು ಬೀಳ್ತಾ ಇದಾವೆ. ಯಾರಾದರೂ ಒಬ್ಬರು ಬನ್ನಿ."

ನೀತಿ: ಒಂದು ಹಿಡಿತ ಸಡಿಲಿದ್ದನ್ನು ಕಂಡ ದಿನವೇ ಹೇಳಬೇಕು. ನಮ್ಮ ಮೈಯ ಜೀವಕೋಶಗಳೂ ಹೀಗೆಯೇ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಹಿಡಿತ ಬಿಟ್ಟ ಕೆಟ್ಟ ಕೋಶಗಳು ಬೇರೆಡೆಗೆ ಹೋಗಿ ನೆಲೆಸಿದಾಗಲೇ ಕ್ಯಾನ್ಸರ್ ಮೈಗೆಲ್ಲ ಹಬ್ಬುವುದು.