ನೇರ ದಾರಿಯ ಸುಂಕ

ಮೂಡಣ ಕಾಡಿಗೂ ಪಡುವಣ ಕಾಡಿಗೂ ನಡುವೆ ಗುಡ್ಡ ದಾಟುವ ಹೆದ್ದಾರಿಯೊಂದು ಬೇಕೆಂದು ಎರಡೂ ಕಾಡಿನ ಆನೆಗಳು ನಿಶ್ಚಯಿಸಿದವು. ಎಲ್ಲವನ್ನೂ ಮೇಲಿನಿಂದ ಕಂಡವನೆಂದು ಕಾಗೆಗೆ ಸರ್ವೆಯ ಕೆಲಸ ಕೊಟ್ಟವು. ಕಾಗೆ ಗುಡ್ಡದ ನೆತ್ತಿಯ ಮೇಲೆ ಒಂದು ನೇರ ಗೆರೆ ಎಳೆಯಿತು. ನರಿ ಆ ದಾರಿ ಹತ್ತುವ ಗುಡ್ಡದ ಬುಡದಲ್ಲೇ ಬಿದಿರು ಅಡ್ಡ ಕಟ್ಟಿ, ಸುಂಕದ ಕಟ್ಟೆ ಹೂಡಿತು. ಕತ್ತೆಗಳ ಹಳೆಯ ಸುತ್ತುದಾರಿಗೆ ಮುಳ್ಳು ಹಾಕಿ ಮುಚ್ಚಬೇಕೆಂದೂ ಮಾತಾಯಿತು.

ಮುಳ್ಳು ಬಿದ್ದರೆ ತನ್ನ ಬಳಗ ಇನ್ನೆಂದೂ ಗುಡ್ಡ ದಾಟಲಾರದೆಂದು ಮುದಿ ಕತ್ತೆ ಸಾತವ್ವನಿಗೆ ಗೊತ್ತಿತ್ತು. ಅವಳು ಆನೆಗಳ ಸಭೆಯ ನಡುವೆ ಬಂದು ನಿಂತಳು.

"ಕಾಗಣ್ಣ, ಬೆನ್ನ ಮೇಲೆ ಹೊರೆ ಹೊತ್ತು ಈ ಗುಡ್ಡ ಹತ್ತಿದ್ದೀಯಾ?"

"ನನಗೇಕಮ್ಮ ಹೊರೆ? ರೆಕ್ಕೆಯಿದೆ. ನಿನ್ನ ದಾರಿಗೆ ಹನ್ನೊಂದು ತಿರುವು, ನನ್ನದಕ್ಕೆ ಒಂದೂ ಇಲ್ಲ!"

"ಒಂದೊಂದು ತಿರುವಿಗೂ ಕಾರಣವಿದೆ. ಅದೆಲ್ಲ ನನ್ನ ಮಂಡಿಗಳಿಗೆ ಬಾಯಿಪಾಠ," ಎಂದಳು ಸಾತವ್ವ. "ಹೊರೆ ಹೊರಿಸಿಯೇ ನೋಡಿಬಿಡಿ."

ಆನೆಗಳು ಎರಡು ಉಪ್ಪಿನ ಮೂಟೆ ತರಿಸಿದವು. ಒಂದನ್ನು ಹೊತ್ತು ಕಟ್ಟುಮಸ್ತಾದ ಎತ್ತೊಂದು ನೇರ ದಾರಿ ಹಿಡಿಯಿತು. ಇನ್ನೊಂದನ್ನು ಹೊತ್ತು ಸಾತವ್ವ ಸುತ್ತುದಾರಿ ಹಿಡಿದಳು. ಅರ್ಧ ಗುಡ್ಡದಲ್ಲಿ ಎತ್ತು ಜಾರಿ ಮಂಡಿಯೂರಿತು. ಮೂಟೆ ಉರುಳುತ್ತಾ ನರಿಯ ಕಟ್ಟೆಗೇ ಬಂದು ಬಿತ್ತು. ಸಾತವ್ವ ಹನ್ನೊಂದು ತಿರುವನ್ನೂ ದಾಟಿ ನೆತ್ತಿ ಮುಟ್ಟಿದಳು. ಎರಡೂ ಕಾಡಿಗೆ ಕೇಳುವಂತೆ ಅರಚಿದಳು. ಆನೆಗಳು 'ಒಂದನೆಯ ಹೆದ್ದಾರಿ' ಎಂದು ಕೆತ್ತಿದ್ದ ಕಲ್ಲನ್ನು ಕಾಗೆಯ ದಾರಿಯಿಂದ ಕಿತ್ತು, ಅವಳ ಮೊದಲ ತಿರುವಿನಲ್ಲಿ ನೆಟ್ಟವು.

ನರಿ ಏದುಸಿರು ಬಿಡುತ್ತಾ ಓಡಿಬಂತು. "ಅಜ್ಜಿ, ಇನ್ನು ನಾನು ಸುಂಕ ಯಾರಿಂದ ಎತ್ತಲಿ?"

"ಅಲ್ಲೇ ಕೂತಿರು ಮಗಾ. ಆ ದಾರಿಯಲ್ಲಿ ಕಾಗಣ್ಣ ದಿನಾ ಹೋಗುತ್ತಾನೆ."