ಸರಿಜೋಡಿ

ಹೊಳೆಯ ದಂಡೆಯಲ್ಲಿ ಒಂದು ಗರಡಿ. ಅದರ ಬಾಗಿಲು ಬಲು ಗಿಡ್ಡ. ಎಂಥ ಪೈಲ್ವಾನನೇ ಆಗಲಿ, ತಲೆ ಬಗ್ಗಿಸದೆ ಒಳಗೆ ಬರುವಂತಿಲ್ಲ.

ಅಂದು ಬೆಳಿಗ್ಗೆ ಚೆಲುವರಾಜನೂ ತಲೆ ಬಗ್ಗಿಸಿಯೇ ಬಂದ. ಬಂದವನು ಕೂಡಲೇ ಎತ್ತಿದ.

ಚೆಲುವ ಆ ಗರಡಿಯ ಹೆಮ್ಮೆ. ಊರೂರಿಗೆ ಹೋಗಿ ಕುಸ್ತಿ ಆಡುವುದೇ ಅವನ ಕಸುಬು. ಅವನ ಹೆಸರು ಕೂಗಿದರೆ ಸಾಕು, ಅಖಾಡದ ಸುತ್ತಲಿನ ಮರಗಳ ಮೇಲೂ ಜನ ಹತ್ತಿ ಕೂರುತ್ತಿದ್ದರು. ಹಿಂದಿನ ದಿನ ಪೇಟೆಯ ಅಖಾಡದಲ್ಲಿ, ಅಷ್ಟೂ ಜನರ ಕಣ್ಣೆದುರಿಗೆ, ಹೊಳೆಯಾಚೆಯ ಗರಡಿಯ ಮಕ್ಬೂಲ್ ಪೈಲ್ವಾನ್ ಅವನ ಬೆನ್ನನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದ್ದ.

ಗರಡಿಯ ಗುರುವನ್ನು ಉಸ್ತಾದ್ ಎನ್ನುವುದು ವಾಡಿಕೆ. ಉಸ್ತಾದ್ ಈರಯ್ಯ ಗುದ್ದಲಿ ಹಿಡಿದು ಕುಸ್ತಿಯ ಕಣವಾದ ಮಟ್ಟಿಯ ಕೆಮ್ಮಣ್ಣು ತಿರುವುತ್ತಿದ್ದರು. ಶಿಷ್ಯರ ಕುಸ್ತಿ ನೋಡಲು ಅವರು ಎಂದೂ ಹೋದವರಲ್ಲ. "ನಾನು ಬಂದ್ರೆ ನನ್ನ ಮುಖ ನೋಡ್ತೀರಿ, ಎದುರಾಳೀನ ನೋಡಲ್ಲ" ಎನ್ನುತ್ತಿದ್ದರು.

"ಮಣ್ಣು ಹಸಿಯಾಗಿತ್ತು, ಉಸ್ತಾದ್ರೇ. ಕಾಲು ಜಾರ್ತು" ಎಂದ ಚೆಲುವ.

"ಹೂಂ."

"ತಮಟೆ ಬಡಿಯೋರೆಲ್ಲಾ ಅವನ ಕಡೆಯೋರು."

"ಹೂಂ."

"ಆ ತೀರ್ಪುಗಾರನಿಗೆ ಕಣ್ಣೇ ಕಾಣಲ್ಲ. ಒಂದು ಭುಜ ಇನ್ನೂ ಮೇಲಿತ್ತು. ಅಷ್ಟರಲ್ಲೇ ಸೀಟಿ ಊದ್ಬಿಟ್ಟ!"

ಉಸ್ತಾದರು ಗುದ್ದಲಿ ನಿಲ್ಲಿಸಿದರು.

"ಮೀಸೆ?"

"ಏನು ಉಸ್ತಾದ್ರೇ?"

"ಮೀಸೆ ಮಣ್ಣಾಯ್ತಾ?"

ಸಾಮು ಮಾಡುತ್ತಿದ್ದವರೆಲ್ಲ ಕಿಸಕ್ಕನೆ ನಕ್ಕರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದನಂತೆ ಎಂಬ ಗಾದೆ ಗೊತ್ತಿಲ್ಲದವರು ಗರಡಿಯಲ್ಲಿ ಯಾರಿದ್ದಾರೆ? ಚೆಲುವನ ಕಿವಿ ಕೆಂಪಾಯಿತು.

"ನಗ್ಲಿ ಬಿಡಿ. ಹುಣ್ಣಿಮೆ ಕುಸ್ತಿಗೆ ನನಗೂ ಅವನಿಗೂ ಇನ್ನೊಂದು ಸಲ ಜೋಡಿ ಕಟ್ಟಿ. ಆಮೇಲೆ ನೋಡೋಣ ಯಾರು ನಗ್ತಾರೆ ಅಂತ."

ಜೋಡಿ ಕಟ್ಟುವುದೆಂದರೆ ಇಷ್ಟೇ. ಕುಸ್ತಿಗೆ ಕೆಲವು ದಿನ ಮುಂಚೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಮೈಕಟ್ಟು ನೋಡುತ್ತಾರೆ. ಸರಿಸಮ ಎನ್ನಿಸಿದರೆ ಎರಡೂ ಗರಡಿಯ ಉಸ್ತಾದರು ತಮ್ಮ ಶಿಷ್ಯರ ಕೈಗೆ ಕೈ ಸೇರಿಸುತ್ತಾರೆ. ಉಸ್ತಾದರು ಕೈ ಸೇರಿಸದಿದ್ದರೆ ಕುಸ್ತಿಯೇ ಇಲ್ಲ.

"ಆಗಲ್ಲ" ಎಂದರು ಉಸ್ತಾದರು.

"ಯಾಕೆ?"

"ನೀವಿಬ್ರೂ ಸರಿಜೋಡಿ ಅಲ್ಲ."

ಚೆಲುವನ ಮುಖ ಅರಳಿತು. "ನಾನೂ ಅದನ್ನೇ ಹೇಳ್ತಿರೋದು! ಅವನಿಗೆ ವಯಸ್ಸಾಯ್ತು, ಉಸಿರು ನಿಲ್ಲಲ್ಲ, ನನ್ನ ಮುಂದೆ ಅವನು..."

"ಅವನ ಸಮಕ್ಕೆ ನೀನಿಲ್ಲ ಅಂದೆ ಕಣ್ಲಾ."

ಗರಡಿಯಲ್ಲಿ ಈ ಸಲ ಯಾರೂ ನಗಲಿಲ್ಲ.

"ತೂಕ ಒಂದೇ. ಎತ್ತರ ಒಂದೇ. ಹೋದ ಸಲ ನೀವೇ ತಾನೆ ಕೈ ಸೇರಿಸಿದ್ದು?"

"ತೂಕ ನೋಡಿ ಸೇರಿಸ್ಬಿಟ್ಟೆ. ತಪ್ಪು ನಂದೇ."

ಚೆಲುವ ಮಟ್ಟಿಯ ಅಂಚಿಗೆ ಕುಸಿದು ಕುಳಿತ. ಅವನ ದನಿ ಇಳಿಯಿತು. "ಹುಣ್ಣಿಮೆ ಕುಸ್ತಿ ಆದ್ಮೇಲೆ ಮಕ್ಬೂಲ್ ಲಂಗೋಟಿ ಬಿಚ್ಚಿಡ್ತಾನಂತೆ. ಇದೇ ಅವನ ಕೊನೇ ಕುಸ್ತಿ. ಇದು ತಪ್ಪಿದ್ರೆ ನಾನು ಸಾಯೋವರೆಗೂ ಮಕ್ಬೂಲ್ ಕೈಲಿ ಬಿದ್ದೋನೇ, ಉಸ್ತಾದ್ರೇ."

ಅದು ಬರೀ ಜಂಬದ ಮಾತಾಗಿರಲಿಲ್ಲ. ಹುಡುಗನಿಗೆ ನಿಜಕ್ಕೂ ನೋವಾಗಿತ್ತು. ಉಸ್ತಾದರಿಗೆ ಅದು ತಿಳಿಯಿತು. ಅವರೂ ಬಂದು ಪಕ್ಕದಲ್ಲಿ ಕುಳಿತರು.

"ಮಣ್ಣು ಹಸಿಯಾಗಿತ್ತು ಅಂದ್ಯಲ್ಲ, ನಿಜವಾ?"

"ನಿಮ್ಮಾಣೆ."

"ನಂಬ್ದೆ. ಆದ್ರೆ ಆ ಮಾತು ನಿಂದಲ್ಲ."

"ನಂದಲ್ಲದೆ ಇನ್ಯಾರ್ದು?"

ಉಸ್ತಾದರು ಮೂಲೆಯಲ್ಲಿದ್ದ ಹುಳಿ ಮಜ್ಜಿಗೆಯ ಗಡಿಗೆ ತೋರಿಸಿದರು. ಮಣ್ಣು ಹದವಾಗಲೆಂದು ಮಟ್ಟಿಗೆ ಮಜ್ಜಿಗೆ, ಅರಿಶಿನ ಬೆರೆಸುವುದು ಗರಡಿಯ ಪದ್ಧತಿ.

"ಅದನ್ನ ಹೊತ್ಕೊಂಡು ಹೋಗಿ ಹೊಳೆಯಾಚೆ ಗರಡಿಗೆ ಕೊಟ್ಟು ಬಾ. ಅವರ ಮಟ್ಟಿಗೆ ಹುಯ್ಯೋಕೆ ನಾನು ಕಳಿಸ್ದೆ ಅನ್ನು."

"ನನ್ನ ಬೀಳಿಸ್ದೋನ ಮಟ್ಟಿಗೆ ನಾನೇ ಮಜ್ಜಿಗೆ ಹೊರ್ಬೇಕಾ?"

"ಚೆಲ್ಲದ ಹಾಗೆ ಹೋಗು" ಎಂದು ಉಸ್ತಾದರು ಮತ್ತೆ ಗುದ್ದಲಿ ಹಿಡಿದರು.

ಗರಡಿಯಲ್ಲಿ ಉಸ್ತಾದರ ಮಾತಿಗೆ ಎರಡನೇ ಮಾತಿಲ್ಲ. ಚೆಲುವ ಗಡಿಗೆ ಹೊತ್ತು ಹರಿಗೋಲು ಹತ್ತಿದ. ದಾರಿಯುದ್ದಕ್ಕೂ ಯಾರಾದರೂ ಒಂದು ಮಾತು ಆಡಲಿ, ಮಜ್ಜಿಗೆ ಅವರ ತಲೆಗೇ ಸುರಿಯುತ್ತೇನೆ ಎಂದುಕೊಂಡು ಹೋದ. ಯಾರೂ ಏನೂ ಅನ್ನಲಿಲ್ಲ. ಅದಕ್ಕೂ ಸಿಟ್ಟು ಬಂತು.

ಆಚೆ ದಂಡೆಯ ಗರಡಿಗೂ ಅಂಥದೇ ಗಿಡ್ಡ ಬಾಗಿಲು. ತಲೆಯ ಮೇಲಿನ ಗಡಿಗೆ ಇಳಿಸಿ, ಎದೆಗೆ ಒತ್ತಿಕೊಂಡು ಬಗ್ಗಿದ. ಒಳಗಿನ ಮಾತು ಕೇಳಿ ಹಾಗೇ ನಿಂತ.

ಮಕ್ಬೂಲ್ ಈ ಕಡೆ ಬೆನ್ನು ಮಾಡಿ ಮಟ್ಟಿಯಲ್ಲಿ ಕುಳಿತಿದ್ದ. ಪೇಟೆಯಿಂದ ಬಂದ ಪತ್ರಿಕೆಯವನೊಬ್ಬ ಕೇಳುತ್ತಿದ್ದ.

"ಚೆಲುವರಾಜುನಂಥೋನ್ನ ಹೆಂಗೆ ಚಿತ್ ಮಾಡಿದ್ರಿ, ಪೈಲ್ವಾನ್ರೇ? ಯಾವ ಪಟ್ಟು?"

"ಯಾವ ಪಟ್ಟೂ ಇಲ್ಲ ಸ್ವಾಮಿ. ಮಣ್ಣು ಹಸಿಯಾಗಿತ್ತು. ಹುಡುಗನ ಕಾಲು ಜಾರ್ತು."

"ಹಂಗಂತ ಬರೀಲಾ?"

"ಬರೀರಿ. ಜಾರದೇ ಇದ್ದಿದ್ರೆ ನಾನು ಆಕಾಶ ನೋಡ್ತಿದ್ದೆ. ಏನು ಹಿಡಿತ ಅಂತೀರಿ ಅವನ್ದು! ಇನ್ನೂ ಕತ್ತು ಹೊರಳ್ತಾ ಇಲ್ಲ. ಅಂಥೋನ ಜೊತೆ ಆಡಿದ್ದೀನಲ್ಲ, ನನಗೆ ಅಷ್ಟು ಸಾಕು."

ಚೆಲುವನ ಎದೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಅದು ಅವನದೇ ಮಾತು. ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಆದರೆ ತನ್ನ ಬಾಯಲ್ಲಿ ಹುಳಿ ಹುಳಿಯಾಗಿದ್ದ ಮಾತು ಅಲ್ಲಿ ಹಬ್ಬದ ಊಟದ ಹಾಗಿತ್ತು.

ಹಿಂದಕ್ಕೆ ಸರಿಯೋಣವೆಂದರೆ ಗಡಿಗೆ ಬಾಗಿಲಿಗೆ ತಾಗಿ ಸದ್ದಾಯಿತು. ಮಕ್ಬೂಲ್ ತಿರುಗಿ ನೋಡಲು ಹೋದ. ಕತ್ತು ನಿಜವಾಗಿಯೂ ಹೊರಳಲಿಲ್ಲ. ಇಡೀ ಮೈ ತಿರುಗಿಸಿ ನೋಡಿದ.

"ಅರೆರೆ, ಚೆಲುವ! ಬಾಪ್ಪಾ, ಬಾ. ಏನು ತಂದೆ?"

"ಮಜ್ಜಿಗೆ. ಉಸ್ತಾದ್ರು ಕಳಿಸಿದ್ರು. ನಿಮ್ಮ ಮಟ್ಟಿಗೆ."

ಮಕ್ಬೂಲ್ ಎದ್ದು ಬಂದು ಎರಡೂ ಕೈಯಲ್ಲಿ ಗಡಿಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. "ಈರಯ್ಯನೋರ ಮಜ್ಜಿಗೆ! ನಮ್ಮ ಮಣ್ಣಿನ ಅದೃಷ್ಟ" ಎಂದ. ಇಬ್ಬರೂ ಸೇರಿ ಮಣ್ಣಿಗೆ ಸುರಿದರು. ಇಬ್ಬರೂ ಸೇರಿಯೇ ತಿರುವಿದರು. ಹೋದ ಕುಸ್ತಿಯ ಸುದ್ದಿಯನ್ನು ಮಕ್ಬೂಲ್ ಎತ್ತಲೇ ಇಲ್ಲ.

ಚೆಲುವ ವಾಪಸು ಬಂದಾಗ ಉಸ್ತಾದರು ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು.

"ಮಾತು ಯಾರದು ಅಂತ ಗೊತ್ತಾಯ್ತಾ?"

ಚೆಲುವ ಖಾಲಿ ಗಡಿಗೆಯನ್ನು ಮೆಟ್ಟಿಲ ಮೇಲಿಟ್ಟ.

"ಗೆದ್ದೋನ್ದು."

"ಗೆದ್ದಾಗ ಮಕ್ಬೂಲ್ ಹಂಗೇ ಮಾತಾಡೋದು, ನಂಗೊತ್ತು. ನೀನು ಹೇಳ್ದಾಗ ನನಗೆ ಕಿವಿ ನೋಯ್ತು. ಅವನು ಹೇಳ್ದಾಗ ನಿನಗೆ ಎಲ್ಲಿ ನೋಯ್ತು?"

ಚೆಲುವನ ಕೈ ಎದೆಯ ಮೇಲೆ ಹೋಯಿತು.

"ಹಂಗಾದ್ರೆ, ಬಿದ್ದೋನು ಏನು ಹೇಳ್ಬೇಕು ಉಸ್ತಾದ್ರೇ?"

"ನನ್ನ ಕೇಳ್ಬೇಡ. ಚೆನ್ನಾಗಿ ಬೀಳೋರನ್ನ ನೋಡಿ ಕಲ್ತ್ಕೊ."

ಜೋಡಿ ಕಟ್ಟುವ ದಿನ ಉಸ್ತಾದ್ ಈರಯ್ಯ ಆಟೋ ಮಾಡಿಸಿಕೊಂಡು ಪೇಟೆಗೆ ಹೋದರು. ಅವರು ಬರುತ್ತಾರೆಂದು ಚೆಲುವ ನಂಬಿರಲಿಲ್ಲ. ಅವರನ್ನು ಕಂಡವನೇ ಓಡಿಬಂದು ಕಾಲು ಮುಟ್ಟಿದ.

ಕುಸ್ತಿ ಕಮಿಟಿಯ ಯಜಮಾನರು ಪದ್ಧತಿಯಂತೆ ಕೇಳಿದರು. "ಸರಿಜೋಡಿಯೇ, ಉಸ್ತಾದ್ರೇ?"

ಹೊಳೆಯಾಚೆಯ ಉಸ್ತಾದರು "ಸರಿಜೋಡಿ" ಎಂದರು.

ಈರಯ್ಯ ಚೆಲುವನ ಕೈ ಹಿಡಿದು ಮಕ್ಬೂಲನ ಕೈಗೆ ಸೇರಿಸಿದರು. "ಕೈ ಸೇರಿಸ್ತೀನಿ. ಸರಿಜೋಡಿ ಹೌದೋ ಅಲ್ವೋ, ಕುಸ್ತಿ ಆದ್ಮೇಲೆ ಹೇಳ್ತೀನಿ."

ಯಜಮಾನರು ಹಿಂದೆಂದೂ ಇಂಥ ಮಾತು ಕೇಳಿರಲಿಲ್ಲ. ಆದರೂ ಕೈ ಸೇರಿತ್ತು. ಅವರು ಕುಸ್ತಿ ಕೂಗಿಸಿದರು.

ಹುಣ್ಣಿಮೆಯ ಸಂಜೆ ಅಖಾಡದ ಸುತ್ತ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಇಬ್ಬರೂ ಮಣ್ಣು ಮುಟ್ಟಿ ಹಣೆಗಿಟ್ಟುಕೊಂಡರು. ಮಕ್ಬೂಲನಿಗೆ ವಯಸ್ಸಾಗಿತ್ತು, ನಿಜ. ಆದರೆ ಆ ಸಂಜೆ ಅವನ ಆಟ ನೋಡಿದವರು ವಯಸ್ಸಿನ ಸುದ್ದಿ ಎತ್ತಲಿಲ್ಲ. ಚೆಲುವ ಹಾಕಿದ ಪಟ್ಟನ್ನೆಲ್ಲ ಆತ ಬಿಡಿಸಿಕೊಂಡ. ಒಮ್ಮೆಯಂತೂ ಚೆಲುವ ಗಾಳಿಯಲ್ಲಿ ಎದ್ದು, ಹೇಗೋ ಮಗ್ಗುಲಾಗಿ ಬಿದ್ದು ಬೆನ್ನು ಉಳಿಸಿಕೊಂಡ.

ಹೊತ್ತು ಇಳಿಯುತ್ತಿತ್ತು. ಇಬ್ಬರೂ ಕತ್ತಿಗೆ ಕೈ ಹಾಕಿ ಸುತ್ತುತ್ತಿದ್ದರು. ಸುತ್ತುತ್ತ ಮಕ್ಬೂಲ್ ಪಡುವಣಕ್ಕೆ ಮುಖ ಮಾಡಿದ. ಅವನ ಕಣ್ಣು ಒಂದು ಗಳಿಗೆ ಕಿರಿದಾದದ್ದು ಚೆಲುವನಿಗೆ ಕಂಡಿತು. ಅಷ್ಟರಲ್ಲಿ ಚೆಲುವನ ಸೊಂಟ ಅವನ ಹೊಟ್ಟೆಯಡಿಗೆ ಹೊಕ್ಕಿತ್ತು. ಮಕ್ಬೂಲ್ ಗಾಳಿಯಲ್ಲಿ ಎದ್ದ, ತಿರುಗಿದ, ಬಿದ್ದ. ಎರಡೂ ಭುಜ ಮಣ್ಣಿಗೆ ತಾಗಿದವು.

ಸೀಟಿ ಮೊಳಗಿತು. ಜನ ಹುಚ್ಚೆದ್ದು ಕೂಗಿದರು.

ಚೆಲುವ ಕುಣಿಯಲಿಲ್ಲ. ಬಗ್ಗಿ, ಮಕ್ಬೂಲನನ್ನು ಎಬ್ಬಿಸಿ ನಿಲ್ಲಿಸಿದ. ಬಿದ್ದವನ ಬೆನ್ನಿನ ಮಣ್ಣು ಇಡೀ ಅಖಾಡಕ್ಕೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಅವಮಾನವಿಲ್ಲವೆಂದು ಚೆಲುವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ಸಲ ಬಿದ್ದಾಗ ಅವನು ಮಾಡಿದ ಮೊದಲ ಕೆಲಸವೇ ಮಣ್ಣು ತೊಳೆಯಲು ನಲ್ಲಿಯ ಕಡೆ ಓಡಿದ್ದು. ಈಗ ಅಖಾಡದ ಅಂಚಿನಲ್ಲಿದ್ದ ತನ್ನ ಟವಲು ತೆಗೆದುಕೊಂಡು ಮಕ್ಬೂಲನ ಬೆನ್ನು ಒರಸಲು ಹೋದ.

ಮಕ್ಬೂಲ್ ಅವನ ಕೈ ಹಿಡಿದುಕೊಂಡ.

"ಇರ್ಲಿ ಬಿಡು, ಚೆಲುವ. ಒಳ್ಳೇ ಪೈಲ್ವಾನ್ ಹಚ್ಚಿದ ಮಣ್ಣು. ಜನ ನೋಡ್ಲಿ."

ಆಮೇಲೆ ನಕ್ಕು, "ಮೀಸೆಯೂ ಮಣ್ಣಾಗಿದೆ, ನೋಡು" ಎಂದ.

ಬೆನ್ನ ಮಣ್ಣು ಹೊತ್ತುಕೊಂಡೇ ಅಖಾಡದ ಸುತ್ತ ಒಂದು ಸುತ್ತು ನಡೆದು, ನಾಲ್ಕೂ ಕಡೆಗೆ ಕೈ ಮುಗಿದ. ಅವನ ಕೊನೆಯ ಕುಸ್ತಿ ಅದು. ಕೂಗುತ್ತಿದ್ದ ಜನ ಮೊದಲು ಸುಮ್ಮನಾದರು. ಆಮೇಲೆ ಎದ್ದು ನಿಂತರು. ಅಂಥ ಚಪ್ಪಾಳೆ ಗೆದ್ದವನಿಗೂ ಬಿದ್ದಿರಲಿಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ಚೆಲುವ. ಅವನ ಕಣ್ಣಲ್ಲಿ ನೀರಿತ್ತು.

ಮರುದಿನ ಬೆಳಿಗ್ಗೆ ಉಸ್ತಾದರು ಎಂದಿನಂತೆ ಮಣ್ಣು ತಿರುವುತ್ತಿದ್ದರು. ಚೆಲುವ ಗೆದ್ದ ಗದೆ ತರಲಿಲ್ಲ, ಹಾರ ತರಲಿಲ್ಲ. ಬಂದವನೇ ಮಜ್ಜಿಗೆಯ ಗಡಿಗೆ ಎತ್ತಿಕೊಂಡ.

"ಎಲ್ಲಿಗ್ಲಾ?"

"ಹೊಳೆಯಾಚೆಗೆ."

"ನಾನು ಹೇಳ್ಲಿಲ್ವಲ್ಲ."

"ಇಲ್ಲ" ಎಂದು ಚೆಲುವ ಹೊರಟೇಬಿಟ್ಟ.

ಬಿಸಿಲೇರುವ ಹೊತ್ತಿಗೆ ದಂಡೆಯ ಕಡೆಯಿಂದ ದೊಡ್ಡ ಗದ್ದಲ ಕೇಳಿಸಿತು. ಗರಡಿಯವರು ಸಾಮು ನಿಲ್ಲಿಸಿ ಕಿವಿಗೊಟ್ಟರು. ಇಬ್ಬರು ಜಗಳವಾಡುತ್ತ ಬರುತ್ತಿದ್ದರು. ಗಿಡ್ಡ ಬಾಗಿಲಲ್ಲಿ ಮೊದಲು ಚೆಲುವ ಬಗ್ಗಿ ಬಂದ. ಹಿಂದೆಯೇ ಮಕ್ಬೂಲ್ ಬಗ್ಗಿ ಬಂದ. ಬಗ್ಗಿದಾಗಲೂ ಇಬ್ಬರ ಬಾಯಿ ನಿಂತಿರಲಿಲ್ಲ.

"ಉಸ್ತಾದ್ರೇ, ನೀವೇ ಹೇಳಿ" ಎಂದ ಚೆಲುವ. "ಬಿಸಿಲು ಮಕ್ಬೂಲಣ್ಣನ ಕಣ್ಣಿಗೆ ಹೊಡೀತು. ಅದಕ್ಕೇ ಅವರು ಬಿದ್ದಿದ್ದು. ನಾನು ಕಣ್ಣಾರೆ ನೋಡಿದ್ದೀನಿ. ಪತ್ರಿಕೆಯೋರಿಗೂ ಹಂಗೇ ಹೇಳಿದ್ದೀನಿ."

"ಸುಳ್ಳು ಉಸ್ತಾದ್!" ಎಂದ ಮಕ್ಬೂಲ್. "ಯಾವ ಬಿಸಿಲು? ಎಲ್ಲಿಯ ಬಿಸಿಲು? ನನಗೇನೂ ಕಾಣ್ಲಿಲ್ಲ. ಹುಡುಗ ಪಟ್ಟು ಹಾಕ್ದ, ನಾನು ಬಿದ್ದೆ. ಅಷ್ಟೇ."

"ನಿಮ್ಮ ಕಣ್ಣು ಕಿರಿದಾಗಿದ್ದು ನಾನು ನೋಡ್ದೆ ಅಣ್ಣಾ!"

"ನನ್ನ ಕಣ್ಣು ನನಗೆ ಗೊತ್ತಿಲ್ವೇನಪ್ಪಾ? ಬಿದ್ದೋನು ನಾನು. ಹೆಂಗೆ ಬಿದ್ದೆ ಅಂತ ನೀನು ಹೇಳ್ಕೊಡ್ತೀಯಾ?"

"ಹಂಗಾದ್ರೆ ಹೋದ ಸಲ ನನ್ನ ಕಾಲು ಜಾರಿದ್ದೂ ಸುಳ್ಳು!"

"ಅದು ನಿಜ!"

"ಅಲ್ಲ! ಮಣ್ಣು ಹದವಾಗಿತ್ತು!"

ಗರಡಿಯ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಗೆಲುವಿಗಾಗಿ ಕಿತ್ತಾಡಿದವರನ್ನು ಅವರು ಬೇಕಾದಷ್ಟು ಕಂಡಿದ್ದರು.

ಉಸ್ತಾದರು ಗುದ್ದಲಿಯನ್ನು ಗೋಡೆಗೆ ಒರಗಿಸಿದರು. ಕೈಯ ಮಣ್ಣು ಒರಸಿಕೊಳ್ಳದೆ ಇಬ್ಬರ ನಡುವೆ ಬಂದು ನಿಂತರು. ಚೆಲುವನ ಬಲಗೈ ಹಿಡಿದರು. ಮಕ್ಬೂಲನ ಬಲಗೈ ಹಿಡಿದರು. ಒಂದರ ಮೇಲೊಂದಿಟ್ಟು ಒತ್ತಿದರು.

"ಯಾರಾದ್ರೂ ಪೇಟೆಗೆ ಹೋಗಿ ಯಜಮಾನ್ರಿಗೆ ತಿಳಿಸ್ರಪ್ಪಾ. ಈಗ ಸರಿಜೋಡಿ."